ರೇಡಿಯೋ ಓದಿದ ಪಾಠ

ಜೂನ್ 14

ಮಗಳೇ,

ಮೊನ್ನೆ ಫೋನಿನಲ್ಲಿ ಅಲ್ಲಿ ನೀನು ಅಳುತ್ತಾ ಕೂತೆ, ಇಲ್ಲಿ ನಾನು ಅಳುತ್ತಾ ಕೂತೆ. ನಡುವೆ ಫೋನು ಸುಮ್ಮನೆ ಬಿಸಿಯಾಯಿತು. ಹೇಳಲೇಬೇಕಾದ ಮಾತಿದ್ದರೆ ಇನ್ನು ಮೇಲೆ ಬರೆದೇ ಹೇಳುತ್ತೇನೆ. ಕಾಗದದ ಮುಂದೆ ಅತ್ತರೆ ಯಾರಿಗೂ ಕೇಳಿಸುವುದಿಲ್ಲ.

ಮೊದಲು ಒಳ್ಳೆಯ ಸುದ್ದಿ. ನಿನ್ನ ಮಗಳು ಒಂದು ಹಲ್ಲು ಉದುರಿಸಿಕೊಂಡಿದ್ದಾಳೆ. ಆ ಸಂದಿನಲ್ಲಿ ಸಿಳ್ಳೆ ಹಾಕುವುದನ್ನು ಕಲಿತು ನನ್ನ ತಲೆ ತಿನ್ನುತ್ತಿದ್ದಾಳೆ. ಅವಳಿಗೆ ರೇಡಿಯೋ ಎಂದು ಹೆಸರಿಟ್ಟವನು ನಾನೇ, ಈಗ ಅನುಭವಿಸಬೇಕು. ಕೇಳಿದ್ದನ್ನೆಲ್ಲ ಹಾಗೇ ವಾಪಸು ಒಪ್ಪಿಸುತ್ತಾಳೆ. ನಾನು ಬಸ್ ನಿಲ್ದಾಣದ ಮೈಕಿನ ಮುಂದೆ ಆಯುಷ್ಯ ಸವೆಸಿದವನು. ನನ್ನ ಕೂಗನ್ನು ನನಗಿಂತ ಚೆನ್ನಾಗಿ ಕೂಗುತ್ತಾಳೆ. ನಿನ್ನೆ ಬಾಗಿಲಲ್ಲಿ ನಿಂತು, "ಪ್ರಯಾಣಿಕರ ಗಮನಕ್ಕೆ, ಅಜ್ಜ ಸ್ನಾನಕ್ಕೆ ಹೊರಡಲು ಸಿದ್ಧರಿದ್ದಾರೆ" ಎಂದು ಬೀದಿಗೆಲ್ಲ ಸಾರಿದಳು.

ಇನ್ನು ಕೆಟ್ಟ ಸುದ್ದಿ. ಶಾಲೆ ಶುರುವಾಗಿ ಎರಡು ವಾರವಾಯಿತು. ವಿಶೇಷ ಟೀಚರ್ ಪಾಠ ಇನ್ನೂ ಶುರುವಾಗಿಲ್ಲ. ಮೆಟ್ಟಿಲ ಪಕ್ಕದಲ್ಲಿ ಟೀಚರೂ ಇವಳೂ ಇಬ್ಬರೇ ಕೂತು ಅಕ್ಷರ ತಿದ್ದುತ್ತಿದ್ದ ಕೋಣೆಗೆ ಬೀಗ ಹಾಕಿದ್ದಾರೆ. ಕಿಟಕಿಯಿಂದ ಇಣುಕಿದರೆ ಒಳಗೆ ಚೆಂಡು, ಹಗ್ಗ, ಮುರಿದ ಬೆಂಚು. ನಾಲ್ಕನೇ ಕ್ಲಾಸಿನ ಟೀಚರ್ ಹೆರಿಗೆ ರಜೆಯ ಮೇಲೆ ಹೋಗಿದ್ದಾರಂತೆ, ನಮ್ಮ ಟೀಚರನ್ನು ಅಲ್ಲಿಗೆ ಹಾಕಿದ್ದಾರೆ. ಹೆಡ್ ಮಿಸ್ಸನ್ನು ಕೇಳಿದೆ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಎಲ್ಲಾ ಸರಿಹೋಗುತ್ತೆ" ಅಂದರು. ರೇಡಿಯೋ ಹಿಂದಿನ ಬೆಂಚಿನಲ್ಲಿ ಕೂತು ಗೋಡೆ ನೋಡಿ ಬರುತ್ತಿದ್ದಾಳೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಪ್ಪ

ಜೂನ್ 27

ಅಪ್ಪಾ,

ವಾರ್ಡಿನಲ್ಲಿ ಈ ವಾರ ಉಸಿರಾಡಲು ಬಿಡುವಿರಲಿಲ್ಲ. ನರ್ಸುಗಳಲ್ಲಿ ಇಬ್ಬರು ಕೆಲಸ ಬಿಟ್ಟು ಹೋದರು, ಅವರ ರೋಗಿಗಳೂ ನನ್ನ ಪಾಲಿಗೆ ಬಂದರು. ಆದರೂ ನಿನ್ನ ಪತ್ರ ಓದಿದ ದಿನವೇ ಒಂದು ಕೆಲಸ ಮಾಡಿದೆ. ಶಿಕ್ಷಣ ಇಲಾಖೆಗೆ ದೂರು ಬರೆದು ಕಳಿಸಿದೆ. ಬಯ್ಯಬೇಡ.

ನೆನಪಿದೆಯಲ್ಲ, ಹೋದ ವರ್ಷ ಡಾಕ್ಟರು ಹೇಳಿದ್ದು? ಬುದ್ಧಿಗೇನೂ ಕೊರತೆಯಿಲ್ಲ, ಅಕ್ಷರ ಮಾತ್ರ ಇವಳ ಕಣ್ಣಿಗೆ ನಿಲ್ಲುವುದಿಲ್ಲ, ಇವಳಿಗೆ ಬೇರೆ ರೀತಿಯಲ್ಲಿ, ಬೇರೆಯಾಗಿ ಕಲಿಸಬೇಕು ಅಂತ. ಅದರ ಮೇಲೆಯೇ ಶಾಲೆಯವರು ಅವಳ ಕಲಿಕೆಗೆ ಯೋಜನೆ ಮಾಡಿ, ದಿನಕ್ಕೊಂದು ಪೀರಿಯಡ್ ವಿಶೇಷ ಪಾಠ ಎಂದು ಸಹಿ ಹಾಕಿ ಕೊಟ್ಟಿದ್ದು. ಅವರು ದಯೆ ತೋರಿಸಿ ಕೊಟ್ಟದ್ದಲ್ಲ ಅಪ್ಪಾ. ಅದು ಅವಳ ಹಕ್ಕು. ಬೇರೆ ಟೀಚರ್ ಇಲ್ಲ ಎಂದು ಅದನ್ನು ನಿಲ್ಲಿಸುವ ಹಾಗಿಲ್ಲ.

ಇಲಾಖೆಯವರು ಫೋನು ಮಾಡಿದ್ದರು. ಮೊದಲು ದೂರಿನ ಪ್ರತಿಯನ್ನು ಶಾಲೆಗೆ ಕಳಿಸಿ ಉತ್ತರ ಕೇಳುತ್ತಾರಂತೆ. ಆಮೇಲೆ ತನಿಖೆಯವರು ಒಬ್ಬರು ಶಾಲೆಗೆ ಬಂದು ವೇಳಾಪಟ್ಟಿ ನೋಡುತ್ತಾರೆ, ಟೀಚರನ್ನು ಕೇಳುತ್ತಾರೆ, ಮಗುವನ್ನೂ ನೋಡುತ್ತಾರೆ. ಕೊನೆಗೆ ತೀರ್ಮಾನ ಬರೆದು ಇಬ್ಬರಿಗೂ ಕಳಿಸುತ್ತಾರೆ. ಪಾಠ ತಪ್ಪಿದ್ದರಿಂದ ಮಗು ಹಿಂದೆ ಬಿದ್ದಿದೆ ಎಂದು ಕಂಡರೆ, ತಪ್ಪಿದ ಪಾಠಗಳನ್ನೆಲ್ಲ ಶಾಲೆ ತುಂಬಿಕೊಡಬೇಕು.

ನಾನೇ ಬರಬೇಕಿತ್ತು. ಮಾರ್ಚ್ ತನಕ ರಜೆ ಕೇಳುವುದಿಲ್ಲ ಎಂದು ಸಹಿ ಹಾಕಿ ಬಂದಿದ್ದೇನೆ. ಅವಳ ಅಪ್ಪ ಇದ್ದಿದ್ದರೆ ಇಷ್ಟು ದೂರ ಬರುತ್ತಲೇ ಇರಲಿಲ್ಲ. ಈಗ ಅಲ್ಲಿ ನನ್ನ ಪರವಾಗಿ ಇರುವವನು ನೀನೊಬ್ಬನೇ.

ರೇಡಿಯೋಗೆ ಮುತ್ತು. ಸಿಳ್ಳೆ ನಿಲ್ಲಿಸಬೇಡ, ಹಾಕಿಕೊಳ್ಳಲಿ.

ನಿನ್ನ ಮಗಳು

ಜುಲೈ 22

ಮಗಳೇ,

ನೀನು ಅಲ್ಲಿ ಕೂತು ಒಂದು ಕಾಗದ ಬಿಟ್ಟೆ, ಇಲ್ಲಿ ಶಾಲೆಯಲ್ಲಿ ಎಲ್ಲರ ಮುಖವೂ ಬದಲಾಗಿದೆ. ಮೊದಲು ಗೇಟಿನಲ್ಲಿ ನಿಂತು ನನ್ನ ಜೊತೆ ಹರಟುತ್ತಿದ್ದ ಗುಮಾಸ್ತ ಈಗ ನನ್ನನ್ನು ಕಂಡರೆ ಬೀಗದ ಕೈ ಹುಡುಕುತ್ತಾನೆ. ಗೊಣಗುತ್ತಿದ್ದೇನೆ ಎಂದುಕೊಳ್ಳಬೇಡ. ನನಗೆ ಇಂಥದ್ದು ಅಭ್ಯಾಸವಿಲ್ಲ, ಅಷ್ಟೆ. ಬಸ್ಸು ಎಷ್ಟೇ ತಡವಾಗಲಿ, ಎಲ್ಲಿಯೇ ಕೆಟ್ಟು ನಿಂತಿರಲಿ, ದನಿಯಲ್ಲಿ ಗಾಬರಿ ತೋರಿಸದೆ "ಶೀಘ್ರದಲ್ಲೇ ಆಗಮಿಸಲಿದೆ" ಎಂದವನು ನಾನು.

ಹೆಡ್ ಮಿಸ್ ಕರೆಸಿದ್ದರು. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಆಮೇಲೆ ಮೆಲ್ಲಗೆ, "ನೋಡಿ ಯಜಮಾನ್ರೇ, ತನಿಖೆ ಅಂದ್ರೆ ನಮ್ಮೊಬ್ಬರನ್ನೇ ನೋಡಲ್ಲ. ಇಷ್ಟು ಕಷ್ಟ ಇರೋ ಮಗೂಗೆ ನಮ್ಮ ಶಾಲೆ ಸರಿಹೋಗುತ್ತೋ ಇಲ್ವೋ, ಅದನ್ನೂ ನೋಡ್ತಾರೆ. ಇಂಥ ಮಕ್ಕಳಿಗೆ ಅಂತಲೇ ಬೇರೆ ಶಾಲೆ ಇದೆ, ಅಲ್ಲೇ ಉಳ್ಕೊಂಡು ಓದೋ ಅಂಥದ್ದು" ಅಂದರು. ಅಲ್ಲೇ ಉಳಿದುಕೊಂಡು ಎಂದರೆ ಏನು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ವಿಶೇಷ ಟೀಚರ್ ಸಂಜೆ ಗೇಟಿನ ಹತ್ತಿರ ಸಿಕ್ಕಿ, "ದೂರು ಕೊಟ್ಟಿದ್ದು ಒಳ್ಳೇದಾಯ್ತು ಅಂಕಲ್. ನಾನು ಹೀಗಂದೆ ಅಂತ ಮಾತ್ರ ಎಲ್ಲೂ ಹೇಳ್ಬೇಡಿ" ಎಂದು ಹೇಳಿ ಸರಸರ ನಡೆದುಬಿಟ್ಟರು. ಆ ಹುಡುಗಿಯ ತೋಳ ತುಂಬ ನಾಲ್ಕನೇ ಕ್ಲಾಸಿನ ಪುಸ್ತಕಗಳಿದ್ದವು.

ತನಿಖೆಯವರು ಬರುವ ದಿನ ಗೊತ್ತಾಗಿದೆ, ಆಗಸ್ಟ್ 6. ನೀನು ಚಿಂತೆ ಬಿಡು. ಇಲ್ಲಿಂದ ಮುಂದೆ ನನಗೆ ಬಿಡು. ನಮ್ಮ ಹುಡುಗಿಯನ್ನು ಯಾರೂ ಎಲ್ಲಿಗೂ ಕಳಿಸದ ಹಾಗೆ ನಾನು ನೋಡಿಕೊಳ್ಳುತ್ತೇನೆ.

ನಿನ್ನ ಅಪ್ಪ

ಆಗಸ್ಟ್ 7

ಮಗಳೇ, ನನ್ನ ಬಂಗಾರದ ಮಗಳೇ,

ನೀನಿಲ್ಲಿ ಇರಬೇಕಿತ್ತು! ತನಿಖೆಯಮ್ಮ ನಿನ್ನೆ ಬಂದಿದ್ದರು. ನಾನು ದೊಡ್ಡ ಮೀಸೆಯವನೊಬ್ಬ ಬರುತ್ತಾನೆ ಎಂದುಕೊಂಡಿದ್ದೆ. ಬಂದದ್ದು ನೆಗಡಿಯಾದ ಹೆಂಗಸು, ಕೈಯಲ್ಲಿ ಕರವಸ್ತ್ರ, ಭುಜಕ್ಕೊಂದು ಚೀಲ. ಬೆಳಿಗ್ಗೆಯಿಂದ ಕೂತು ಒಬ್ಬೊಬ್ಬರನ್ನೇ ಕರೆದು ಕೇಳಿದರು. ಬೀಗ ಹಾಕಿದ ಕೋಣೆಯನ್ನು ತೆಗೆಸಿ ನೋಡಿದರು. ಹೆಡ್ ಮಿಸ್ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಮಧ್ಯಾಹ್ನ ನಮ್ಮನ್ನು ಕರೆದರು.

"ಏನಾದ್ರೂ ಓದ್ತೀಯಾ ಪುಟ್ಟಿ?" ಅಂದರು. ಅಲ್ಲೇ ಮೇಜಿನ ಮೇಲೆ ಮೂರನೇ ಕ್ಲಾಸಿನ ಪುಸ್ತಕ. ರೇಡಿಯೋ ತಾನಾಗಿಯೇ ಆಮೆಯ ಪಾಠ ತೆಗೆದಳು, ದಾರಿ ತಪ್ಪಿದ ಆಮೆ ಕೆರೆ ಹುಡುಕಿಕೊಂಡು ಹೋಗುವ ಪಾಠ. ಎದ್ದು ನಿಂತು, ಬೆರಳಿಟ್ಟುಕೊಂಡು, ಮೊದಲಿಂದ ಕೊನೆಯವರೆಗೂ ಓದಿದಳು ನೋಡು! ಒಂದೇ ಒಂದು ಕಡೆ ತಡವರಿಸಲಿಲ್ಲ. ಎಲ್ಲಿ ಹಾಳೆ ತಿರುವಬೇಕೋ ಅಲ್ಲಿ ತಿರುವಿದಳು. ಆಮೆ ಅಳುವ ಕಡೆ ದನಿ ಇಳಿಸಿದಳು. ಕೋಣೆಯಲ್ಲಿ ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳಿದರು. ತನಿಖೆಯಮ್ಮ ಚಪ್ಪಾಳೆ ತಟ್ಟಿದರು. ನನಗೆ ಕಣ್ಣು ತುಂಬಿ ಬಂತು.

ಇದು ಸುಮ್ಮನೆ ಆದದ್ದಲ್ಲ. ದಿನಾ ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ಓದಿದೆ, ಅವಳು ನನ್ನ ಹಿಂದೆ ಓದಿದಳು. ಆಟಕ್ಕೆ ಬಿಡಲಿಲ್ಲ, ಮುದ್ದು ಮಾಡಲಿಲ್ಲ. ಮನೆಗೆ ಯಾರಾದರೂ ಬರುತ್ತಾರೆ ಎಂದರೆ ಗುಡಿಸಿ ಒರೆಸಿ ಇಡುವುದಿಲ್ಲವೇ? ಹಾಗೆ. ಬೇರೆ ಶಾಲೆಯ ಮಾತನ್ನು ಇನ್ನು ಯಾರೂ ಎತ್ತಲಾರರು.

ಹಾದಿಯುದ್ದಕ್ಕೂ ಅವಳು, "ಅಜ್ಜ, ನಾನು ಪಾಸಾ?" ಎಂದು ಕೇಳುತ್ತಿದ್ದಳು. ಪಾಸು ಕಣೇ, ಫಸ್ಟ್ ಕ್ಲಾಸು ಎಂದೆ.

ನಿನ್ನ ಅಪ್ಪ

ಆಗಸ್ಟ್ 18

ಅಪ್ಪಾ,

ಭಾನುವಾರ ಅವಳು ಫೋನಿನಲ್ಲಿ ನನಗೂ ಓದಿ ಹೇಳಿದಳು. ನೀನು ಅಂಗಡಿಗೆ ಹೋಗಿದ್ದೆಯಂತೆ. ನಾನು ಬಟ್ಟೆ ಒಣಹಾಕುವ ತಾರಸಿಯಲ್ಲಿ ನಿಂತು ಪೂರ್ತಿ ಕೇಳಿದೆ. ಜೊತೆಯವರನ್ನು ಕರೆದು ಅವರಿಗೂ ಕೇಳಿಸಿದೆ. ನನ್ನ ಮಗಳು ಓದುತ್ತಿದ್ದಾಳೆ ಎಂದು ಸಿಕ್ಕಿದವರಿಗೆಲ್ಲ ಹೇಳಿದೆ. ಎಷ್ಟು ವರ್ಷದಿಂದ ಕಾದಿದ್ದೆ ಇದಕ್ಕೆ.

ಮುಗಿದ ಮೇಲೆ, ಆ ಹಾಳೆಯಲ್ಲಿ ಚಿತ್ರ ಏನಿದೆ ಚಿನ್ನಾ ಎಂದು ಕೇಳಿದೆ.

"ಪುಸ್ತಕ ಸ್ಕೂಲಲ್ಲಿದೆ ಅಮ್ಮ" ಅಂದಳು.

ಅಪ್ಪಾ, ಬೇಗ ಬರಿ.

ನಿನ್ನ ಮಗಳು

ಸೆಪ್ಟೆಂಬರ್ 6

ಅಪ್ಪಾ,

ನೀನು ಬರೆಯಲಿಲ್ಲ. ಇಲಾಖೆಯವರು ಬರೆದರು. ಅವರ ಮಾತು ಹೀಗಿದೆ: "ವಿಶೇಷ ಬೋಧನೆ ನಿಂತಿರುವುದು ನಿಜ. ಆದರೆ ಮಗು ತನ್ನ ತರಗತಿಯ ಪಾಠವನ್ನು ತಡೆಯಿಲ್ಲದೆ ಓದಿದ್ದನ್ನು ಖುದ್ದಾಗಿ ನೋಡಲಾಗಿದೆ. ಇದರಿಂದ ಮಗುವಿಗೆ ನಷ್ಟವಾಗಿರುವುದು ಕಂಡುಬರುವುದಿಲ್ಲ. ಯೋಜನೆ ಇನ್ನೂ ಅಗತ್ಯವೇ ಎಂಬುದನ್ನು ಶಾಲೆ ಪರಿಶೀಲಿಸಬಹುದು."

ಪಾಠ ನಿಲ್ಲಿಸಿದವರ ಮೇಲೆ ನಾನು ದೂರು ಕೊಟ್ಟೆ. ಈಗ ಆ ಪಾಠ ಅವಳಿಗೆ ಬೇಕಾಗಿಯೇ ಇಲ್ಲ ಎಂದಾಗಿದೆ.

ಅವಳಿಗೆ ಓದಲು ಬರುವುದಿಲ್ಲ ಎಂಬುದನ್ನು ನೋಡಲೆಂದೇ ಆ ಹೆಂಗಸು ಅಷ್ಟು ದೂರದಿಂದ ಬಂದದ್ದು ಅಪ್ಪಾ. ಬರುವುದಿಲ್ಲ ಎಂದು ಕಂಡಿದ್ದರೆ ಬರುವ ಹಾಗೆ ಮಾಡುತ್ತಿದ್ದರು. ನೀನು ಗುಡಿಸಿ ಒರೆಸಿ ಇಟ್ಟೆ. ಕಾಯಿಲೆಯವರು ಡಾಕ್ಟರು ಬರುವ ಹೊತ್ತಿಗೆ ತಲೆ ಬಾಚಿಕೊಂಡು ಎದ್ದು ಕೂರುತ್ತಾರೆ, ಡಾಕ್ಟರು ಹುಷಾರಾಗಿದ್ದಾರೆ ಎಂದು ಮನೆಗೆ ಕಳಿಸುತ್ತಾರೆ, ಅವರು ದಾರಿಯಲ್ಲೇ ಬೀಳುತ್ತಾರೆ. ಇಲ್ಲಿ ನಾನು ದಿನಾ ನೋಡುವುದು ಇದನ್ನೇ.

ಬೇರೆ ಶಾಲೆಗೆ ಕಳಿಸುವ ಅಧಿಕಾರ ಹೆಡ್ ಮಿಸ್ಸಿಗೆ ಇಲ್ಲ. ನನ್ನ ಸಹಿಯಿಲ್ಲದೆ ಯಾರಿಗೂ ಇಲ್ಲ. ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ನಿನ್ನ ಮೇಲೆ ಇಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ.

ಮಗಳು

ಸೆಪ್ಟೆಂಬರ್ 13

ಮಗಳೇ,

ನೀನು ಬರೆದದ್ದೆಲ್ಲ ಸರಿ.

ಅವಳಿಗೆ ಓದಲು ಬರುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ ಎಂದು ನೀನು ಕೇಳಿಲ್ಲ. ಗೊತ್ತಿತ್ತು. ಆದರೆ ಅವಳು ಎದ್ದು ನಿಂತು ಓದುವಾಗ, ಆ ಹೊತ್ತಿನ ಮಟ್ಟಿಗೆ ನಾನೂ ನಂಬಿಬಿಟ್ಟೆ.

ಅಪ್ಪ

ಸೆಪ್ಟೆಂಬರ್ 24

ಅಪ್ಪಾ,

ನಿನ್ನ ನಾಲ್ಕು ಸಾಲನ್ನು ಎರಡು ದಿನ ಮತ್ತೆ ಮತ್ತೆ ಓದಿದೆ. ಆ ತಾರಸಿಯಲ್ಲಿ ನಾನೂ ನಂಬಿದೆನಲ್ಲ. ನಿನ್ನೊಬ್ಬನನ್ನು ಬೈದು ಏನು ಮಾಡಲಿ? ತನಿಖೆ ಎಂದರೆ ಪರೀಕ್ಷೆಯಲ್ಲ, ಅವಳು ಹೇಗಿದ್ದಾಳೋ ಹಾಗೇ ಇರಲಿ ಎಂದು ನಾನು ಮೊದಲೇ ಬರೆಯಬೇಕಿತ್ತು. ನನಗೂ ಹೊಳೆಯಲಿಲ್ಲ.

ಕೇಳು. ಇನ್ನೂ ದಾರಿಯಿದೆ. ತೀರ್ಮಾನ ಒಪ್ಪಿಗೆಯಿಲ್ಲದಿದ್ದರೆ ಮರುಪರಿಶೀಲನೆಗೆ ಬರೆಯಬಹುದು. ಬರೆದಿದ್ದೇನೆ. ಮಗು ಓದಿದ್ದಲ್ಲ, ಬಾಯಿಪಾಠ ಒಪ್ಪಿಸಿದ್ದು ಎಂದು ಬರೆಯುವಾಗ, ಅವಳ ಮೇಲೆ ನಾನೇ ಚಾಡಿ ಹೇಳಿದ ಹಾಗಾಯಿತು. ಆ ತನಿಖೆಯವರೇ ಫೋನು ಮಾಡಿದರು. "ಬೇರೆ ಪುಸ್ತಕ ಕೊಟ್ಟು ನೋಡ್ಬೇಕಿತ್ತು, ನಂದೂ ತಪ್ಪಾಯ್ತಮ್ಮ" ಎಂದರು. ಆಗಿನಿಂದ ಅವರ ಮೇಲೆ ನನಗೆ ಗೌರವ ಬಂದಿದೆ. ಮುಂದಿನ ತಿಂಗಳು ಮತ್ತೆ ಬರುತ್ತಾರೆ.

ಈ ಸಲ ಅವಳಿಗೆ ಏನೂ ಕಲಿಸಬೇಡ. ಏನೂ ಹೇಳಲೂ ಬೇಡ. ಸುಮ್ಮನೆ ಕರೆದುಕೊಂಡು ಹೋಗು.

ಬೆನ್ನು ನೋವಿನ ಮಾತ್ರೆ ತಪ್ಪದೆ ತಗೋ.

ನಿನ್ನ ಮಗಳು

ಅಕ್ಟೋಬರ್ 19

ಮಗಳೇ,

ನೀನು ಹೇಳಿದ ಹಾಗೇ ಮಾಡಿದೆ. ಕಲಿಸಲಿಲ್ಲ, ಹೇಳಲಿಲ್ಲ, ಎಬ್ಬಿಸಿ ಕರೆದುಕೊಂಡು ಹೋದೆ. ಅವಳೇ ತಲೆಗೆ ಎರಡೆರಡು ಸಲ ಎಣ್ಣೆ ಹಚ್ಚಿಸಿಕೊಂಡಳು.

ಹೆಡ್ ಮಿಸ್ ಕೋಣೆಯಲ್ಲಿ ಅದೇ ಕುರ್ಚಿಗಳು. ತನಿಖೆಯಮ್ಮ, ಹೆಡ್ ಮಿಸ್, ವಿಶೇಷ ಟೀಚರ್, ನಾನು. ತನಿಖೆಯಮ್ಮ ತಮ್ಮ ಚೀಲದಿಂದ ಒಂದು ಪುಸ್ತಕ ತೆಗೆದು ಕೊಟ್ಟರು. ಹೊಸದು, ನಾವು ಯಾರೂ ನೋಡಿದ್ದಲ್ಲ. ರೈಲಿನ ಬಗ್ಗೆ. ಹಾಳೆಗೆ ಎರಡು ಮೂರು ಸಾಲು, ದಪ್ಪ ಅಕ್ಷರ. "ಇದನ್ನ ಓದ್ತೀಯಾ ಪುಟ್ಟಿ? ಬರದಿದ್ರೆ ಪರ್ವಾಗಿಲ್ಲ" ಅಂದರು.

ಅವಳು ಎದ್ದು ನಿಂತಳು. ನನ್ನ ಕಡೆ ಒಂದು ಸಲ ನೋಡಿ ನಕ್ಕಳು. ಆಮೇಲೆ ಮೊದಲ ಸಾಲಿನ ಕೆಳಗೆ ಬೆರಳಿಟ್ಟು ಆಮೆಯ ಪಾಠ ಶುರು ಮಾಡಿದಳು.

ಯಾರೂ ತಡೆಯಲಿಲ್ಲ. ತಡೆಯುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಬೆರಳು ರೈಲಿನ ಸಾಲಿನ ಮೇಲೆ ಸಾಗುತ್ತಿತ್ತು, ಬಾಯಲ್ಲಿ ಆಮೆ ಕೆರೆ ಹುಡುಕುತ್ತಿತ್ತು. ಹೋದ ಸಲ ಎಲ್ಲೆಲ್ಲಿ ಹಾಳೆ ತಿರುವಿದ್ದಳೋ ಅಲ್ಲಲ್ಲೇ ತಿರುವಿದಳು. ಆಮೆ ಅಳುವ ಕಡೆ ದನಿ ಇಳಿಸಿದಳು, ನಾನು ಹೇಳಿಕೊಟ್ಟ ಹಾಗೇ. ವಿಶೇಷ ಟೀಚರ್ ಕಿಟಕಿಯ ಕಡೆ ತಿರುಗಿಕೊಂಡರು. ಹೆಡ್ ಮಿಸ್ ಮೊದಲ ಬಾರಿಗೆ ತಲೆ ತಗ್ಗಿಸಿದ್ದನ್ನು ನೋಡಿದೆ. ಅದರಿಂದ ನನಗೆ ಖುಷಿಯೇನೂ ಆಗಲಿಲ್ಲ.

ಮುಗಿದ ಮೇಲೆ ತನಿಖೆಯಮ್ಮ ಅವಳನ್ನು ಹತ್ತಿರ ಕರೆದು, "ಇದು ಏನ್ ಚಿತ್ರ ಪುಟ್ಟಿ?" ಎಂದು ಕೇಳಿದರು.

"ರೈಲು."

"ಮತ್ತೆ ಆಮೆ ಎಲ್ಲಿ?"

ನಿನ್ನ ಮಗಳು ಆ ಹಾಳೆಯನ್ನು ಮೇಲಿಂದ ಕೆಳಗೆ ಹುಡುಕಿದಳು. ಪಕ್ಕದ ಹಾಳೆಯನ್ನೂ ಹುಡುಕಿದಳು. ಎಲ್ಲರ ಮುಖ ನೋಡಿದಳು. ಆಮೇಲೆ, ಸಣ್ಣ ದನಿಯಲ್ಲಿ, "ಒಳಗೆ ಕೂತಿದೆ" ಅಂದಳು.

ತನಿಖೆಯಮ್ಮ ನಗಲಿಲ್ಲ. "ಹೌದಾ, ಸರಿ ಹಾಗಾದ್ರೆ" ಎಂದು ತಲೆ ಸವರಿದರು. ಪೆನ್ನು ಮುಚ್ಚಿಟ್ಟರು.

ಹಾದಿಯಲ್ಲಿ ಈ ಸಲ ಅವಳು ಪಾಸಾ ಎಂದು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಮಗಳೇ, ಬರದಿದ್ದರೆ ಬರುವುದಿಲ್ಲ ಎನ್ನು ಎಂದು ನಾವಿಬ್ಬರೂ ಅವಳಿಗೆ ಒಂದು ಮಾತು ಹೇಳಬೇಕಿತ್ತು. ಕಲಿಸಿಯೂ ಕೆಡಿಸಿದೆ, ಸುಮ್ಮನಿದ್ದೂ ಕೆಡಿಸಿದೆ.

ಅಪ್ಪ

ನವೆಂಬರ್ 11

ಅಪ್ಪಾ,

ಆದೇಶದ ಪ್ರತಿ ನಿನಗೂ ಬಂದಿರಬೇಕು. ದಿನಾ ಒಂದು ಪೀರಿಯಡ್ ಮತ್ತೆ ಕೊಡಬೇಕು. ತಪ್ಪಿದ್ದನ್ನೆಲ್ಲ ಶಾಲೆ ಬಿಟ್ಟ ಮೇಲೆ ತುಂಬಿಕೊಡಬೇಕು. ವಿಶೇಷ ಟೀಚರನ್ನು ಇನ್ನು ಬೇರೆ ಕ್ಲಾಸಿಗೆ ಹಾಕುವ ಹಾಗಿಲ್ಲ, ತಿಂಗಳು ತಿಂಗಳು ಇಲಾಖೆಗೆ ವರದಿ ಕೊಡಬೇಕು. ನಾನು ಕೇಳಿದ್ದೆಲ್ಲ ಸಿಕ್ಕಿದೆ.

ಗೆದ್ದೆವು ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಅವಳು ಹೇಗಿದ್ದಾಳೆ? ಭಾನುವಾರ ಫೋನಿಗೆ ಬರಲಿಲ್ಲ. ನಿದ್ದೆ ಮಾಡುತ್ತಿದ್ದಾಳೆ ಎಂದೆ ನೀನು. ಹಿಂದೆಯೇ ಅವಳ ಕೆಮ್ಮು ಕೇಳಿಸಿತು.

ನನಗೆ ನಿಜ ಬರಿ. ಎಂಥದ್ದೇ ಇರಲಿ.

ನಿನ್ನ ಮಗಳು

ಡಿಸೆಂಬರ್ 2

ಮಗಳೇ,

ನಿಜ ಬರೆಯುತ್ತೇನೆ.

ಚೆಂಡು, ಹಗ್ಗ ಎಲ್ಲ ಹೊರಗೆ ಹಾಕಿಸಿ ಆ ಕೋಣೆಗೆ ಸುಣ್ಣ ಹೊಡೆಸಿದ್ದಾರೆ. ಮೊದಲ ವಾರ ಅವಳು ಅದರೊಳಗೆ ಕಾಲಿಡಲಿಲ್ಲ. ಬಾಗಿಲಲ್ಲೇ ಕೂತಳು. ಟೀಚರೂ ಬಲವಂತ ಮಾಡದೆ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರಂತೆ. ಮನೆಯಲ್ಲಿ ಬೀದಿಗೆ ಕೂಗುವುದು ನಿಂತಿದೆ. ನಾನು ಏನಾದರೂ ಓದಿ ಹೇಳಹೊರಟರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ನಾನೇ ಇಟ್ಟ ಹೆಸರು, ಕರೆಯಲು ನಾಲಗೆ ಹೊರಳುತ್ತಿಲ್ಲ.

ಹೋದ ವಾರ ಊಟ ಮಾಡುತ್ತಾ ಇದ್ದಕ್ಕಿದ್ದ ಹಾಗೆ, "ಅಜ್ಜ, ನಂಗೆ ಓದೋಕೆ ಬರಲ್ಲ ಅಂತ ನಿಂಗೆ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು ಕಂದಾ."

"ಅಮ್ಮಂಗೆ?"

"ಅಮ್ಮಂಗೂ ಗೊತ್ತಿತ್ತು."

"ಆ ಆಂಟಿಗೆ?"

"ಅವ್ರಿಗೆ ಮೊದ್ಲು ಗೊತ್ತಿರ್ಲಿಲ್ಲ. ಆಮೇಲೆ ಗೊತ್ತಾಯ್ತು."

ಅವಳು ತಟ್ಟೆ ನೋಡುತ್ತಾ, "ನನ್ನೊಬ್ಬಳಿಗೇ ಗೊತ್ತಿರ್ಲಿಲ್ಲ" ಅಂದಳು. ಅವಳು ನಿಜವಾಗಿ ಓದುತ್ತಿದ್ದೇನೆ ಎಂದೇ ತಿಳಿದಿದ್ದಳು ಮಗಳೇ. ಓದುವುದು ಎಂದರೆ ಅದೇ ಇರಬೇಕು ಎಂದುಕೊಂಡಿದ್ದಳು. ಅವಳಿಗೆ ಹಾಗೆ ತೋರಿಸಿಕೊಟ್ಟವನು ನಾನು.

ಈ ಸಂಜೆ ಟೀಚರ್ ಕೊಟ್ಟ ಚಿಕ್ಕ ಪುಸ್ತಕ ತೆಗೆದುಕೊಂಡು ಮೂಲೆಯಲ್ಲಿ ಕೂತಳು. ನಾನು ನೋಡಿಯೂ ನೋಡದ ಹಾಗೆ ಬಟ್ಟೆ ಮಡಿಸುತ್ತಿದ್ದೆ. ಒಂದೊಂದೇ ಅಕ್ಷರ ಹಿಡಿದು, ಬಿಟ್ಟು, ಮತ್ತೆ ಹಿಡಿದು, "ಮ... ಮರ" ಅಂದಳು. ಆಮೇಲೆ ಬಹಳ ಹೊತ್ತು ಮುಂದೆ ಹೋಗಲಿಲ್ಲ. ಮುಂದಿನ ಪದ ನನಗೆ ಕಾಣುತ್ತಿತ್ತು. ನನ್ನ ತುಟಿ ಅಲುಗಿತು, ಅಷ್ಟೆ, ದನಿ ಹೊರಡಲಿಲ್ಲ. ಅವಳು ತಲೆಯೆತ್ತಿ ನೋಡಿಬಿಟ್ಟಳು. ಸಿಟ್ಟು ಮಾಡಲಿಲ್ಲ, ಬೇಡಿಕೊಂಡಳು.

"ಅಜ್ಜ, ನೀನು ಹೊರಗೆ ಹೋಗು. ನೀನಿದ್ರೆ ನಂಗೆ ಗೊತ್ತಾಗ್ಬಿಡುತ್ತೆ."

ಬಾಗಿಲು ಮುಂದಕ್ಕೆ ಮಾಡಿ ಮೆಟ್ಟಿಲ ಮೇಲೆ ಬಂದು ಕೂತಿದ್ದೇನೆ. ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ನಿನಗೆ ಇದನ್ನು ಬರೆಯುತ್ತಿದ್ದೇನೆ. ಚಳಿಯಿದೆ, ಆದರೆ ಅವಳು ಕರೆಯುವ ತನಕ ಒಳಗೆ ಹೋಗುವುದಿಲ್ಲ.

ನಿನ್ನ ಅಪ್ಪ